ಲಾಭದ ಬೆಳಕು

ಮಗಳು ಕೆಲಸ ಬಿಡುತ್ತೇನೆಂದು ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ. ಬಿಡುತ್ತಿದ್ದದ್ದು ಇಲ್ಲೇ ಪ್ಲೆಸೆಂಟನ್‌ನಲ್ಲಿ, ಮನೆಯಿಂದ ಸೈಕಲ್ ತುಳಿದುಕೊಂಡು ಹೋಗಿಬರುವಷ್ಟು ಹತ್ತಿರವಿದ್ದ ದೊಡ್ಡ ಕಂಪನಿಯ ಕೆಲಸ. ಸೇರಲು ಹೊರಟಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪುಟ್ಟ ಸೋಲಾರ್ ಕಂಪನಿಗೆ. ಅದರ ಹೆಸರನ್ನು ನಾನೂ ಕೇಳಿರಲಿಲ್ಲ, ನನ್ನ ಗಂಡನೂ ಕೇಳಿರಲಿಲ್ಲ.

"ಏನ್ ಮಾಡ್ತಾರೆ ಅವರು?" ಎಂದೆ.

ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಆ ಕಂಪನಿಯವರು ಉಳ್ಳವರ ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಹಾಕುತ್ತಾರಂತೆ. ಎಲ್ಲರ ಹಾಗೆ ದುಡ್ಡೂ ತೆಗೆದುಕೊಳ್ಳುತ್ತಾರಂತೆ. ಆದರೆ ಬಂದ ಲಾಭವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಕೈಲಾಗದವರು ವಾಸ ಮಾಡುವ ಜಾಗಗಳನ್ನು ಹುಡುಕಿ, ಆ ಲಾಭದಲ್ಲಿ ಅಲ್ಲಿ ಪುಕ್ಕಟೆಯಾಗಿ ಪ್ಯಾನೆಲ್ಲು, ಬ್ಯಾಟರಿ ಕೂರಿಸುತ್ತಾರೆ.

"ಲಾಭವೇ ಬರ್ಲಿಲ್ಲ ಅಂದ್ರೆ?"

"ಅಮ್ಮ," ಎಂದಳು. ಅವಳು ಆಡುವ ಕನ್ನಡದಲ್ಲಿ ಹೆಚ್ಚಿನ ಪಾಲು ಈ ಒಂದು ಪದವೇ. ಬೇಸರ, ಸಿಟ್ಟು, ಪ್ರೀತಿ ಎಲ್ಲವನ್ನೂ ಅದರಲ್ಲೇ ಹೇಳುತ್ತಾಳೆ. ಅಂದು ಅದಕ್ಕೆ 'ಶುರು ಮಾಡಬೇಡ' ಎಂಬ ಅರ್ಥವಿತ್ತು.

ಗಂಡ ರೊಟ್ಟಿಗೆ ತುಪ್ಪ ಸವರುತ್ತ, "ಹೋಗ್ಲಿ ಬಿಡೇ. ಈ ವಯಸ್ಸಲ್ಲಿ ಮಾಡ್ದೆ ಇನ್ಯಾವಾಗ ಮಾಡ್ತಾಳೆ," ಎಂದರು. ಅವರು ಹಾಸನದ ಕಡೆಯವರು, ಯಾರ ಮೇಲೂ ಅನುಮಾನ ಪಡದೆ ಬದುಕಬಲ್ಲ ಅಪರೂಪದ ಮನುಷ್ಯ. ಹಾಗಾಗಿ ಮನೆಯಲ್ಲಿ ಅವರ ಪಾಲಿನ ಅನುಮಾನವನ್ನೂ ನಾನೇ ಪಡಬೇಕಾಗಿ ಬಂದಿದೆ.

ನನ್ನದು ಅದೇ ಕಸುಬು ಕೂಡ. ಕ್ಯಾಲಿಫೋರ್ನಿಯಾದ ಈ ಕಣಿವೆಗೆ ಬಂದಾಗಿನಿಂದ ನಿವೃತ್ತಿಯವರೆಗೂ ನಾನು ಕೆಲಸ ಮಾಡಿದ್ದು ಕಂಪ್ಯೂಟರುಗಳಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ. ಪೆಟ್ಟಿಗೆಯ ಮೇಲೆ ಏನು ಬರೆದಿದೆಯೋ ಅದು ಸುಳ್ಳು ಎಂದುಕೊಂಡೇ ನಾವು ದಿನದ ಕೆಲಸ ಶುರು ಮಾಡುತ್ತಿದ್ದೆವು. ಬಿಸಿ ಮಾಡಿ, ತಣ್ಣಗೆ ಮಾಡಿ, ಅಲುಗಾಡಿಸಿ, ಕೊನೆಗೆ ಅದು ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕಾಗಿ ಬಂದಾಗ ಒಂದಿಷ್ಟು ನಿರಾಸೆಯೂ ಆಗುತ್ತಿತ್ತು. ಆ ಸ್ವಭಾವ ಮನೆಗೂ ಬಂತು. ಮಗಳು ಚಿಕ್ಕವಳಿದ್ದಾಗ 'ಹಲ್ಲುಜ್ಜಿದೆ' ಎಂದರೆ ನಾನು ಬ್ರಷ್ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ.

ಕೆಲಸಕ್ಕೆ ಸೇರಿ ಸ್ವಲ್ಪ ದಿನವಾದ ಮೇಲೆ ಅವಳು ತನ್ನ ಬಾಸನ್ನು ಊಟಕ್ಕೆ ಕರೆದುಕೊಂಡು ಬಂದಳು. ಆ ಕಂಪನಿಯನ್ನು ಕಟ್ಟಿದವನು ಅವನೇ. ಎತ್ತರದ ಆಳು, ನಲವತ್ತು ದಾಟಿರಬೇಕು. ಹಿಂದೆ ಯಾವುದೋ ಭಾರಿ ಕಂಪನಿಯಲ್ಲಿದ್ದು, ಅಲ್ಲಿ ಸಾಕಷ್ಟು ದುಡ್ಡು ಮಾಡಿಕೊಂಡು ಹೊರಬಂದವನು. ಬಣ್ಣ ಮಾಸಿದ ಅಂಗಿ, ಸವೆದ ಬೂಟು. ಮಾಸಿದ ಅಂಗಿಯನ್ನು ಹುಡುಕಿ ಕೊಳ್ಳುವ ಜನ ಈ ಊರಿನಲ್ಲಿ ಇದ್ದಾರೆಂದು ಗೊತ್ತಿದ್ದುದರಿಂದ ನಾನು ಅಂಗಿಗೆ ಮರುಳಾಗಲಿಲ್ಲ. ಮುದ್ದೆಯನ್ನು ಕೈಯಲ್ಲಿ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಯಾರೋ ಮೊದಲೇ ಹೇಳಿಕೊಟ್ಟಿದ್ದರು. ಮಗಳ ಮುಖ ನೋಡಿದೆ. ಅವಳು ತಟ್ಟೆ ನೋಡುತ್ತಿದ್ದಳು.

"ನಿಮ್ಮ ಸಂಬಳ ಲಾಭಕ್ಕಿಂತ ಮುಂಚೆ ತೆಗೆಯೋದಾ, ಆಮೇಲಾ?" ಎಂದು ಕೇಳಿದೆ.

ಅವನು ನಕ್ಕ. "ಮುಂಚೆ. ಎಲ್ಲರದೂ ಮುಂಚೆಯೇ. ಆದರೆ ನನ್ನದು ನಿಮ್ಮ ಮಗಳದಕ್ಕಿಂತ ಕಡಿಮೆ," ಎಂದ.

"ಕಡಿಮೆ ಯಾಕೆ? ನಿಮಗೆ ಬೇರೆ ಕಡೆಯಿಂದ ಬರುತ್ತಾ?"

"ಅಮ್ಮ," ಎಂದಳು ಮಗಳು.

"ಪರವಾಗಿಲ್ಲ, ಕೇಳಲಿ," ಎಂದ ಅವನು. ಬೇರೆ ಕಡೆಯಿಂದ ಬರುತ್ತದೆಂದೂ ಒಪ್ಪಿಕೊಂಡ. ಹಳೆಯ ಕಂಪನಿಯ ಷೇರುಗಳಿದ್ದುವಂತೆ. ಅಷ್ಟು ನೇರವಾಗಿ ಒಪ್ಪಿಕೊಂಡದ್ದು ನನ್ನ ಅನುಮಾನವನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಮನೆಯ ಛಾವಣಿಗೆ ಒಳ್ಳೆಯ ಬಿಸಿಲು ಬೀಳುತ್ತೆ," ಎಂದ. ನಾನು "ಹೌದು," ಎಂದಷ್ಟೇ ಹೇಳಿದೆ.

ಮಗಳಿಗೆ ಕೊಟ್ಟ ಕೆಲಸ ಸರಟೋಗಾದಲ್ಲಿ ಮನೆಮನೆಗೆ ಹೋಗಿ ಸೋಲಾರ್ ಮಾರುವುದು. ಗುಡ್ಡದ ಮೇಲಿನ ದೊಡ್ಡ ದೊಡ್ಡ ಮನೆಗಳು, ಗೇಟಿನಿಂದ ಬಾಗಿಲಿಗೆ ನಡೆಯುವುದರಲ್ಲೇ ಬೆವರು ಬರುವಂಥವು. ಅಲ್ಲಿ ನನ್ನ ಹಳೆಯ ಗೆಳತಿಯೊಬ್ಬಳಿದ್ದಾಳೆ, ಮೈಸೂರಿನವಳು, ಮಕ್ಕಳ ಡಾಕ್ಟರು. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ಅವಳು ನನ್ನ ತೋಳು ಹಿಡಿದುಕೊಂಡಳು.

"ನಿನ್ನ ಮಗಳ ಮಾತು ಕೇಳಿ ಹಾಕಿಸಿಬಿಟ್ಟೆ ಕಣೇ. ಆ ಫೋಟೋ ನೋಡಿದ್ಯಾ? ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು."

ಆಮೇಲೆ ಅವಳ ಮನೆಗೆ ಹೋದಾಗ ನನ್ನ ಮಗಳು ಕೊಟ್ಟಿದ್ದ ಕಂಪನಿಯ ಕರಪತ್ರ ತೋರಿಸಿದಳು. ಹೊಳೆಯುವ ಕಾಗದ. ಕತ್ತಲು ಕೋಣೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳು ಕಿಟಕಿಯ ಪಕ್ಕ ಕುಳಿತಿದ್ದಾಳೆ. ಕೈಯಲ್ಲಿ ಉರಿಯುವ ಮೇಣದಬತ್ತಿ. ಬೆಳಕು ಕೆಳಗಿನಿಂದ ಬಿದ್ದು ಮುಖದ ಸುಕ್ಕುಗಳೆಲ್ಲ ಆಳವಾಗಿ ಕಾಣುತ್ತಿವೆ. ಕೆಳಗೆ, ನಿಮ್ಮ ಮನೆಯ ಬಿಸಿಲು ಇವರ ಮನೆಯ ಬೆಳಕು ಎಂಬ ಅರ್ಥದ ಒಂದು ಸಾಲು.

"ಈಯಮ್ಮ ಎಲ್ಲಿಯವರು?" ಎಂದೆ.

"ಇಲ್ಲೇ ಅಂತೆ ಕಣೇ. ನಮ್ಮ ಬೇ ಏರಿಯಾದಲ್ಲೇ. ನಂಬೋಕಾಗುತ್ತಾ?"

ನನಗೆ ನಂಬಲು ಆಗಲಿಲ್ಲ. ಗೆಳತಿ ನಂಬಿದ್ದು ಆ ಫೋಟೋವನ್ನಷ್ಟೇ ಅಲ್ಲ, ನನ್ನ ಮಗಳನ್ನು. ನಾಳೆ ಇದು ಬರೀ ಮಾತು ಎಂದಾದರೆ ಕೂಟದಲ್ಲಿ ಜನ ನೋಡುವುದು ಆ ಎತ್ತರದ ಆಳನ್ನಲ್ಲ, ನನ್ನನ್ನು. ಮಗಳನ್ನು ವಿಚಾರಿಸಿದಾಗ, ಅದು ನಮ್ಮ ಕಡೆಯ ಗುಡ್ಡಗಳ ಆಚೆ ಇರುವ ಒಂದು ಮೊಬೈಲ್ ಹೋಮ್ ಪಾರ್ಕು, ಅಲ್ಲಿನ ಸಮುದಾಯ ಭವನದ ಮೇಲೆ ಪ್ಯಾನೆಲ್ ಹಾಕಿದ್ದೇವೆ ಎಂದಳು. ತಾನು ಮಾತ್ರ ಇನ್ನೂ ಅಲ್ಲಿಗೆ ಹೋಗಿಲ್ಲ ಎಂದಳು.

ಮಾರನೆಯ ವಾರ, ಗಂಡ ಆಫೀಸಿಗೆ ಹೋದ ಮೇಲೆ, ನಾನೊಬ್ಬಳೇ ಕಾರು ತೆಗೆದುಕೊಂಡು ಹೊರಟೆ. ಯಾರಿಗೂ ಹೇಳಲಿಲ್ಲ.

ಫ್ರೀವೇ ಬಿಟ್ಟು, ಗೋದಾಮುಗಳ ಸಾಲು ದಾಟಿದರೆ ಆ ಪಾರ್ಕು. ಪಾರ್ಕೆಂದರೆ ಮರಗಳಿರುವ ಉದ್ಯಾನವಲ್ಲ. ರೈಲಿನ ಬೋಗಿಯಂತೆ ಉದ್ದಕ್ಕಿರುವ ತಗಡಿನ ಮನೆಗಳ ಸಾಲುಗಳು. ಮನೆ ಮಾತ್ರ ಅಲ್ಲಿರುವವರ ಸ್ವಂತದ್ದು, ಮನೆಯ ಕೆಳಗಿನ ನೆಲ ಇನ್ನೊಬ್ಬ ಮಾಲೀಕನದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ವಯಸ್ಸಾದವರೇ ಹೆಚ್ಚು. ಗುಲಾಬಿ ಕುಂಡಗಳು, ಗಾಳಿಗೆ ತಿರುಗುವ ಬಣ್ಣದ ಚಕ್ರಗಳು, ಬೇಲಿಯಾಚೆ ಒಣಹುಲ್ಲಿನ ಗುಡ್ಡ.

ಭವನದ ಮೇಲೆ ಪ್ಯಾನೆಲ್ಲುಗಳಿದ್ದುವು. ಅದನ್ನು ಕಂಡು ನನಗೆ ಆಶ್ಚರ್ಯವೇ ಆಯಿತು. ನಾನು ಖಾಲಿ ಛಾವಣಿ ನೋಡಲು ತಯಾರಾಗಿ ಹೋಗಿದ್ದೆ. ಆದರೆ ಕಟ್ಟಡದ ಪಕ್ಕಕ್ಕೆ ಹೋಗಿ, ಪ್ಯಾನೆಲ್ಲಿನ ಕರೆಂಟನ್ನು ಬಳಕೆಗೆ ಬರುವಂತೆ ಮಾರ್ಪಡಿಸುವ ಇನ್ವರ್ಟರ್ ಪೆಟ್ಟಿಗೆ ನೋಡಿದೆ. ಪರದೆಯಲ್ಲಿ ಜೀವವಿಲ್ಲ. ಅದರ ಪಕ್ಕದ ದೊಡ್ಡ ಸ್ವಿಚ್ಚು ಆಫ್ ಆಗಿತ್ತು, ಅದರ ಹಿಡಿಗೆ ಬೀಗ ಜಡಿದಿತ್ತು. ನೆತ್ತಿಯ ಮೇಲೆ ಸುಡುವ ಬಿಸಿಲು, ಛಾವಣಿಯ ಮೇಲೆ ಹೊಚ್ಚಹೊಸ ಪ್ಯಾನೆಲ್ಲು, ಕೆಳಗೆ ಬೀಗ. ಬಹಳ ದಿನದಿಂದ ಹುಡುಕುತ್ತಿದ್ದ ದೋಷ ಕೈಗೆ ಸಿಕ್ಕಾಗ ಲ್ಯಾಬಿನಲ್ಲಿ ಆಗುತ್ತಿದ್ದಂಥ ಸಮಾಧಾನ ಆಯಿತು. ಫೋನು ತೆಗೆದು ಫೋಟೋ ಹೊಡೆಯತೊಡಗಿದೆ.

"ಏನದು ಮಾಡ್ತಿರೋದು?"

ತಿರುಗಿದರೆ ನಾಯಿ ಹಿಡಿದುಕೊಂಡ ಮುದುಕರೊಬ್ಬರು. ಅವರ ಹಿಂದೆ ಇನ್ನಿಬ್ಬರು ಹೆಂಗಸರು ಬರುತ್ತಿದ್ದರು. ಒಬ್ಬರ ಮೂಗಿನ ಕೆಳಗೆ ಸಣ್ಣ ನಳಿಕೆ, ಪಕ್ಕದಲ್ಲಿ ಚಕ್ರದ ಮೇಲೆ ಎಳೆದುಕೊಂಡು ಬರುವ ಆಮ್ಲಜನಕದ ಯಂತ್ರ. ಆ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಕರಪತ್ರದ ಅಜ್ಜಿ.

"ಮಾಲೀಕ ಕಳಿಸಿದ್ದಾ ನಿಮ್ಮನ್ನ?" ಎಂದರು ಆಕೆ. ಗಟ್ಟಿ ದನಿ.

"ಇಲ್ಲ."

"ಮತ್ತೆ ಈ ಸೋಲಾರಿನವರಾ?"

"ಅವರೂ ಅಲ್ಲ."

"ಯಾರೂ ಕಳಿಸದೆ ಇಲ್ಲಿಗೆ ಯಾರೂ ಬರೋದಿಲ್ಲ," ಎಂದರು. ನಾಯಿಯ ಮುದುಕರು ನನ್ನ ಕಾರಿನ ನಂಬರು ನೋಡಿಕೊಂಡು ಬಂದರು. ಹಿಂದೊಮ್ಮೆ ಹೀಗೇ ಒಬ್ಬಳು ಬಂದು ಫೋಟೋ ಹೊಡೆದು ಹೋದಮೇಲೆ ನೆಲದ ಬಾಡಿಗೆ ಏರಿತ್ತಂತೆ. ಪಾರ್ಕನ್ನು ಮಾರುತ್ತಾರೆ ಎಂಬ ಸುದ್ದಿ ಬೇರೆ ಇತ್ತು. ಪ್ಯಾನೆಲ್ಲು ಹಾಕಿದ್ದೇ ಜಾಗದ ಬೆಲೆ ಏರಿಸಲು ಎಂದು ಅಲ್ಲಿ ಅರ್ಧ ಜನ ನಂಬಿದ್ದರು.

ಅಷ್ಟು ವರ್ಷ ಎಲ್ಲವನ್ನೂ ಎಲ್ಲರನ್ನೂ ಅನುಮಾನಿಸಿಕೊಂಡು ಬಂದ ನನ್ನನ್ನು ಯಾರಾದರೂ ಹಾಗೆ ನೋಡಿದ್ದು ಅದೇ ಮೊದಲು. ಕೈಯಲ್ಲಿದ್ದ ಫೋನನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಳ್ಳು ಹೊಳೆಯದೆ ನಿಜ ಹೇಳಿದೆ. "ನನ್ನ ಮಗಳು ಈ ಕಂಪನಿಯಲ್ಲಿ ಕೆಲಸ ಮಾಡ್ತಾಳೆ. ನನಗೆ ಇವರ ಮೇಲೆ ನಂಬಿಕೆ ಇಲ್ಲ. ನೋಡಿ ಹೋಗೋಣ ಅಂತ ಬಂದೆ."

ಆಕೆ ಯಂತ್ರ ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದರು. "ಮಗಳಿಗೆ ಗೊತ್ತಾ ನೀವು ಬಂದಿರೋದು?"

"ಇಲ್ಲ."

"ಹಾಗಾದರೆ ಒಳಗೆ ಬನ್ನಿ," ಎಂದರು.

ಆಕೆಯ ಮನೆಯೊಳಗೆ ಕಾಲಿಟ್ಟಾಗ ನಾನು ಹುಡುಕಿದ್ದು ಆ ಕತ್ತಲನ್ನು. ಇರಲಿಲ್ಲ. ಮೂರು ಕಡೆ ಕಿಟಕಿ, ಹಳದಿ ಪರದೆ, ಸೋಫಾದ ಪಕ್ಕ ಎತ್ತರದ ದೀಪ, ಗೋಡೆಯ ತುಂಬ ಶಾಲೆಯ ಮಕ್ಕಳ ಗುಂಪುಫೋಟೋಗಳು. ಆಕೆ ವರ್ಷಾನುಗಟ್ಟಲೆ ಶಾಲಾ ಬಸ್ಸು ಓಡಿಸಿದವರು. ನಾನು ಕರಪತ್ರದ ಮಾತೆತ್ತಿದೆ. ಆಕೆ ಅದನ್ನು ನೋಡಿಯೇ ಇರಲಿಲ್ಲ. ಗೆಳತಿಯ ಮನೆಯಲ್ಲಿ ನಾನು ಫೋನಿನಲ್ಲಿ ತೆಗೆದುಕೊಂಡಿದ್ದ ಚಿತ್ರ ತೋರಿಸಿದೆ.

ಆಕೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಮಟಮಟ ಮಧ್ಯಾಹ್ನ ಇದು," ಎಂದರು. "ಪರದೆ ಎಳೀರಿ ಅಂದ ಆ ಫೋಟೋದವನು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ. ಮೇಣದಬತ್ತಿ ಅವನೇ ತಂದಿದ್ದು. ಆಮ್ಲಜನಕ ಇರೋ ಕಡೆ ಬೆಂಕಿ ಹಚ್ಚಬಾರದಪ್ಪ ಅಂದೆ. ಹಾಗಾದರೆ ಸ್ವಲ್ಪ ಹೊತ್ತು ಯಂತ್ರ ಆಫ್ ಮಾಡಿ, ಆ ನಳಿಕೆ ತೆಗೀರಿ ಅಂದ."

"ತೆಗೆದ್ರಾ?"

"ತೆಗೆದೆ."

"ಯಾಕೆ ತೆಗೆದ್ರಿ?"

"ಸೋಲಾರ್ ಬೇಕಿತ್ತು," ಎಂದರು.

ಯಾಕೆ ಬೇಕಿತ್ತೆಂದೂ ಹೇಳಿದರು. ಬೇಸಿಗೆ ಮುಗಿಯುತ್ತ ಬಂದಂತೆ ಗುಡ್ಡದ ಕಡೆಯಿಂದ ಒಣಗಾಳಿ ಬೀಸುತ್ತದೆ. ತಂತಿ ತಗುಲಿ ಹುಲ್ಲಿಗೆ ಬೆಂಕಿ ಬಿದ್ದೀತೆಂದು ಕರೆಂಟಿನವರು ಆ ಭಾಗಕ್ಕೆಲ್ಲ ಕರೆಂಟು ತೆಗೆದುಬಿಡುತ್ತಾರೆ. ಕೆಲವೊಮ್ಮೆ ಮಾರನೆಯ ದಿನದವರೆಗೂ ಬರುವುದಿಲ್ಲ. ಯಂತ್ರದ ಒಳಗಿನ ಬ್ಯಾಟರಿ ಅಷ್ಟು ಹೊತ್ತು ತಾಳುವುದಿಲ್ಲ. ಭವನದಲ್ಲಿ ಸೋಲಾರ್ ಬ್ಯಾಟರಿ ಇದ್ದರೆ ಅಂಥ ದಿನ ಯಂತ್ರವನ್ನು ಅಲ್ಲಿಗೇ ತಂದು ಸಿಕ್ಕಿಸಿಕೊಳ್ಳಬಹುದು. ಹಿಂದಿನ ಸಲ ಆಕೆ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ, ಕಾರಿನ ಪ್ಲಗ್ಗಿಗೆ ಯಂತ್ರ ಸಿಕ್ಕಿಸಿಕೊಂಡು, ಎಂಜಿನ್ ಆರಿಸದೆ ಕುಳಿತಿದ್ದರಂತೆ. "ಕತ್ತಲಲ್ಲಿ ಅಲ್ಲ," ಎಂದರು. "ಕಾರ್ ಪಾರ್ಕಿನಲ್ಲಿ ಬೇಕಾದಷ್ಟು ದೀಪ ಇತ್ತು. ಉಸಿರಿಗೆ ತೊಂದರೆ ಆಗಿತ್ತು. ಆದರೆ ಅದು ಫೋಟೋದಲ್ಲಿ ಕಾಣಲ್ಲ ಅಲ್ವಾ?"

ಆ ಸಂಜೆ ಮಗಳು ಬಂದಾಗ ನಾನು ಎರಡೂ ಹೇಳಿದೆ. ಮೊದಲು ಬೀಗದ ವಿಷಯ. ನಾನು ಅಲ್ಲಿಗೆ ಹೋಗಿದ್ದೆ ಎಂಬುದಕ್ಕೇ ಅವಳು ಸಿಟ್ಟಾದಳು.

"ನೀನು ಇನ್ನೂ ಬ್ರಷ್ ಮುಟ್ಟಿ ನೋಡ್ತಾನೇ ಇದ್ದೀಯ," ಎಂದು ಇಂಗ್ಲಿಷಿನಲ್ಲಿ ಅಂದಳು. ಕರೆಂಟಿನವರ ಒಪ್ಪಿಗೆ ಬರುವ ತನಕ ಸ್ವಿಚ್ಚು ಹಾಕುವ ಹಾಗಿಲ್ಲ, ಬೀಗ ಅದಕ್ಕೇ, ಎಲ್ಲ ಕಡೆಯೂ ಹೀಗೇ ಎಂದಳು. ಅದು ನಿಜವಿರಬಹುದೆಂದು ನನಗೂ ಗೊತ್ತಿತ್ತು. ಒಪ್ಪಿಗೆ ತಿಂಗಳಾನುಗಟ್ಟಲೆ ಕೂತಿರುತ್ತದೆ. ಆದರೆ ನಿಜವಿರಬಹುದಾದ ಮಾತಿನ ಹಿಂದೆ ಅಡಗಿಕೊಳ್ಳುವುದೇ ಸುಲಭ. ಹಾಗಾಗಿ ಒಪ್ಪಲಿಲ್ಲ.

ಆಮೇಲೆ ಮೇಣದಬತ್ತಿಯ ವಿಷಯ ಹೇಳಿದೆ. ಯಂತ್ರ ಆಫ್ ಮಾಡಿಸಿದ್ದು, ನಳಿಕೆ ತೆಗೆಸಿದ್ದು. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತುಕೊಂಡಳು. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಆ ಚಿತ್ರವನ್ನು ಕೈಗೆ ಕೊಟ್ಟವಳು ಅವಳು.

"ಅಮ್ಮ," ಎಂದಳು. ಈ ಸಲದ್ದು ನಾನು ಮೊದಲು ಕೇಳಿರದ 'ಅಮ್ಮ'. ನಾನು ಗೆದ್ದಿದ್ದೆ. ಆದರೆ ಅವಳ ಮುಖ ನೋಡಿ, ಇದನ್ನು ನಾಳೆ ಹೇಳಿದ್ದರೂ ಆಗುತ್ತಿತ್ತು ಎನ್ನಿಸಿತು.

ಒಂದು ಶನಿವಾರ ಮಧ್ಯಾಹ್ನ ಅದೇ ಭವನದಲ್ಲಿ ಮೀಟಿಂಗು ಇತ್ತು. ಕಂಪನಿ ಕಟ್ಟಿದವನೇ ಬಂದು ಪಾರ್ಕಿನ ಜನರಿಗೆ ಯೋಜನೆ ವಿವರಿಸುವುದೆಂದು ಏರ್ಪಾಡು. ಮಗಳು ನನ್ನನ್ನೂ ಕರೆದಳು. ಮಡಿಸುವ ಕುರ್ಚಿಗಳಲ್ಲಿ ಜನ ಕೈಕಟ್ಟಿ ಕುಳಿತಿದ್ದರು. ಅವನು ಅದೇ ಮಾಸಿದ ಅಂಗಿಯಲ್ಲಿ ನಿಂತು ಚೆನ್ನಾಗಿ ಮಾತನಾಡಿದ. ಪಾರ್ಕು ಮಾರಿದರೆ ಪ್ಯಾನೆಲ್ಲು ಯಾರದು ಎಂದು ಒಬ್ಬರು ಕೇಳಿದರು. ಕಂಪನಿಯದೇ ಎಂದ. ಬಾಡಿಗೆ ಏರುತ್ತದೆಯೇ ಎಂದು ಇನ್ನೊಬ್ಬರು. ಮಾಲೀಕ ಮಾತು ಕೊಟ್ಟಿದ್ದಾನೆ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು.

ಆಗ ಅಜ್ಜಿ ಎದ್ದರು. ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. "ನನ್ನ ಫೋಟೋ ಹಾಕಿಕೊಂಡಿದ್ದೀರಂತೆ. ನಾನು ಯಾವಾಗ ಕತ್ತಲಲ್ಲಿದ್ದೆ?" ಎಂದು ಕೇಳಿದರು.

ಅವನು ಅದು ಹೊರಗಿನ ಫೋಟೋಗ್ರಾಫರ್ ತೆಗೆದದ್ದು ಎಂದ. ಯಂತ್ರ ಆಫ್ ಮಾಡಿಸಿದ್ದು ತನಗೆ ಗೊತ್ತಿರಲಿಲ್ಲ ಎಂದ. ಮುಖ ಬಿಳಿಚಿಕೊಂಡಿತ್ತು, ಅದನ್ನು ನಾನು ನಂಬಿದೆ. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಜನರಿಗೆ ಒಂದು ಕಷ್ಟ ಅರ್ಥವಾಗಬೇಕಾದರೆ ಅದು ಕಣ್ಣಿಗೆ ಕಾಣಬೇಕಾಗುತ್ತದೆ, ಆ ಚಿತ್ರ ಬಂದ ಮೇಲೆಯೇ ಸರಟೋಗಾದಲ್ಲಿ ಬಾಗಿಲು ತೆರೆದದ್ದು, ಆ ಲಾಭದಲ್ಲೇ ಈ ಛಾವಣಿ ಆದದ್ದು ಎಂದು ಶುರು ಮಾಡಿದ.

ಮಗಳು ಎದ್ದು ನಿಂತಳು. "ಆ ಬಾಗಿಲುಗಳಲ್ಲಿ ನಿಂತವಳು ನಾನು," ಎಂದಳು. "ಸೋಮವಾರದಿಂದ ನಾನು ಅದನ್ನು ಯಾರ ಕೈಗೂ ಕೊಡಲ್ಲ. ಅದಿಲ್ಲದೆ ಮಾರೋಕೆ ಆಗಲ್ಲ ಅಂದರೆ ನನ್ನನ್ನು ತೆಗೆದುಹಾಕಿ."

ಅವನು ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ. ಆ ಚಿತ್ರವನ್ನು ತೆಗೆಸುತ್ತೇನೆ ಎಂದ. ಕ್ಷಮೆಯನ್ನೂ ಕೇಳಿದ. ಅಜ್ಜಿ, "ಬೀಗ ಯಾವಾಗ ತೆಗೀತೀರಿ?" ಎಂದು ಕೇಳಿ ಕುಳಿತುಕೊಂಡರು.

ಮನೆಗೆ ಬಂದ ಕೂಡಲೇ ನಾನು ಕಂಪ್ಯೂಟರಿನಲ್ಲಿ ಕಂಪನಿಯ ವೆಬ್‌ಸೈಟ್ ನೋಡಿದೆ. ಅಲ್ಲೂ ಹಾಕಿದ್ದ ಆ ಚಿತ್ರ ಆಗಲೇ ಹೋಗಿತ್ತು. ಅದರ ಜಾಗದಲ್ಲಿ ಬರೀ ಛಾವಣಿಯ ಚಿತ್ರ. ಮಾರನೆಯ ದಿನವೂ ನೋಡಿದೆ, ಮತ್ತೆ ಬಂದಿರಬಹುದೆಂದು.

ಸರಟೋಗಾದ ಗೆಳತಿಗೆ ಹೇಳಬೇಕಾಗಿತ್ತು. ಹೇಳಿದೆ. ಅವಳು, "ನಾನು ಅದನ್ನ ನೋಡಿ ಅತ್ತಿದ್ದೆ ಕಣೇ. ಈಗ ಆ ಅಳು ಏನ್ ಮಾಡ್ಲಿ?" ಎಂದಳು. ಅವಳು ಮಗಳ ಮೇಲೆ ಮುನಿಸಿಕೊಳ್ಳಲಿಲ್ಲ, ನನ್ನ ಮೇಲೆ ಸ್ವಲ್ಪ ದಿನ ಮುನಿಸಿಕೊಂಡಿದ್ದಳು.

ಬೇಸಿಗೆಯಲ್ಲಿ ಮಗಳ ಕೆಲಸ ಸೊರಗಿತು. ಬಾಗಿಲುಗಳು ಮೊದಲಿನಷ್ಟು ತೆರೆಯಲಿಲ್ಲ. ಛಾವಣಿಯ ಚಿತ್ರ ನೋಡಿ ಯಾರೂ ಅಳಲಿಲ್ಲ. ನಾನು ಕೇಳದಿದ್ದರೂ ಅವಳ ಮುಖದಲ್ಲಿ ಗೊತ್ತಾಗುತ್ತಿತ್ತು. ಒಮ್ಮೆ ಗಂಡ ನನಗೆ, "ನೀನು ಹೋಗ್ದೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ನಮ್ಮ ಮದುವೆಯಾದ ಮೇಲೆ ಅವರು ನನಗೆ ಹಾಗೆ ಹೇಳಿದ್ದು ಕಡಿಮೆ. ನಾನು ಎರಡು ದಿನ ಅದನ್ನೇ ಯೋಚಿಸಿದೆ. ಹೋಗಿದ್ದು ಸರಿಯೆಂದೇ ಕೊನೆಗೂ ಅನ್ನಿಸಿತು. ಆದರೆ ಅವರಿಗೆ ಹಾಗೆ ಹೇಳಲಿಲ್ಲ.

ಬೇಸಿಗೆಯ ಕೊನೆಗೆ ಒಪ್ಪಿಗೆ ಬಂತು. ಬೀಗ ತೆಗೆದರು. ಮಗಳು ಇನ್ವರ್ಟರ್ ಪರದೆಯ ಫೋಟೋ ಕಳಿಸಿದಳು, ಹಸಿರು ಅಂಕಿಗಳು.

ಅದಾದ ಮೇಲೆ ಒಂದು ದಿನ ಬೆಳಿಗ್ಗೆ ಗಾಳಿ ಎದ್ದಿತು. ನಮ್ಮ ಮನೆಯ ಹಿಂದಿನ ಬೇಲಿಯೇ ಕಿರುಗುಟ್ಟುತ್ತಿತ್ತು. ಗುಡ್ಡದ ಕಡೆ ಕರೆಂಟು ತೆಗೆದರೆಂದು ಫೋನಿಗೆ ಸುದ್ದಿ ಬಂತು. ಮಗಳು ಆಗಲೇ ಪಾರ್ಕಿಗೆ ಹೋಗಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಅವಳ ಫೋನು ಬಂತು.

"ಅಮ್ಮ, ನೀನು ಬರ್ತೀಯಾ?" ಎಂದಳು ಕನ್ನಡದಲ್ಲಿ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬ್ಯಾಟರಿ ಇಳಿಯಬೇಕಾದ್ದಕ್ಕಿಂತ ಬೇಗ ಇಳಿಯುತ್ತಿದೆ. ಯಾಕೆಂದು ಗೊತ್ತಾಗುತ್ತಿಲ್ಲ. ಕಂಪನಿಯ ಎಲೆಕ್ಟ್ರಿಷಿಯನ್ ಬೇರೆ ಕಡೆ ಸಿಕ್ಕಿಹಾಕಿಕೊಂಡಿದ್ದಾನೆ.

ನನ್ನ ಹಳೆಯ ಕ್ಲ್ಯಾಂಪ್ ಮೀಟರ್ ಹುಡುಕಿ ತೆಗೆದುಕೊಂಡು ಹೋದೆ. ತಂತಿಯ ಸುತ್ತ ಹಿಡಿದರೆ ಅದರಲ್ಲಿ ಎಷ್ಟು ಕರೆಂಟು ಹರಿಯುತ್ತಿದೆಯೆಂದು ತೋರಿಸುವ ಇಕ್ಕಳದಂಥ ಸಾಧನ. ಭವನದಲ್ಲಿ ಅಜ್ಜಿ ಗೋಡೆಯ ಪಕ್ಕದ ಕುರ್ಚಿಯಲ್ಲಿ, ಯಂತ್ರವನ್ನು ಪ್ಲಗ್ಗಿಗೆ ಸಿಕ್ಕಿಸಿಕೊಂಡು ಕುಳಿತಿದ್ದರು. ಹಾಗೆ ಯಂತ್ರ ತಂದವರು ಇನ್ನೂ ಕೆಲವರಿದ್ದರು. ನಾಯಿಯ ಮುದುಕರು ಇನ್ಸುಲಿನ್ ಪೆಟ್ಟಿಗೆಯನ್ನು ಅಲ್ಲಿನ ಸಣ್ಣ ಫ್ರಿಜ್ಜಿನಲ್ಲಿಟ್ಟಿದ್ದರು. ಇವೆಲ್ಲ ಸೇರಿ ತಿನ್ನುವ ಕರೆಂಟು ಅಷ್ಟೇನಲ್ಲ. ಮೀಟರ್ ಹಿಡಿದಾಗ ತೋರಿಸಿದ್ದು ಅದರ ಹಲವು ಪಟ್ಟು.

ನಮ್ಮಪ್ಪ ಮಂಡ್ಯದಲ್ಲಿ ಮೀಟರ್ ರೀಡರ್ ಆಗಿದ್ದರು. ಯಾವ ಮನೆಗೆ ಹೋದರೂ ಮೊದಲು ಮೀಟರಿನ ಮುಂದೆ ನಿಲ್ಲುತ್ತಿರಲಿಲ್ಲ, ಮನೆಯ ಸುತ್ತ ಒಂದು ಪ್ರದಕ್ಷಿಣೆ ಬರುತ್ತಿದ್ದರು. ದೇವಸ್ಥಾನಕ್ಕೆ ಬಂದವರಂತೆ ಕೈ ಹಿಂದೆ ಕಟ್ಟಿಕೊಂಡು. ನಾನು ಮಗಳನ್ನು ಕರೆದುಕೊಂಡು ಹಾಗೇ ಹೊರಟೆ. ಭವನದ ಹಿಂದೆ ಸಾಮಾನಿಡುವ ಕೋಣೆ, ಅದರ ಕಿಟಕಿ ಒಂದಿಷ್ಟು ತೆರೆದಿತ್ತು. ಅದರಿಂದ ಕಿತ್ತಳೆ ಬಣ್ಣದ ದಪ್ಪ ವೈರು ಇಳಿದು, ಕಣಗಿಲೆ ಗಿಡಗಳ ಬುಡದಲ್ಲಿ ಹಾದು, ಪಾರ್ಕಿನ ಮ್ಯಾನೇಜರ್ ಆಫೀಸಿನೊಳಗೆ ಹೋಗಿತ್ತು. ಆಫೀಸಿನ ಕಿಟಕಿಯಲ್ಲಿ ಎಸಿ ಗುಯ್‌ಗುಟ್ಟುತ್ತಿತ್ತು.

ನಾನು ಸಾಮಾನಿನ ಕೋಣೆಯೊಳಗೆ ಹೋಗಿ ಪ್ಲಗ್ ಕಿತ್ತೆ. ಎಸಿ ನಿಂತಿತು. ಮ್ಯಾನೇಜರ್ ಆಫೀಸಿನಿಂದ ಹೊರಬಂದ. ಭವನ ಮಾಲೀಕರದು, ಹಾಗಾಗಿ ಅದರ ಕರೆಂಟೂ ಮಾಲೀಕರದು ಎಂದ. ನೀವ್ಯಾರು ಎಂದೂ ಕೇಳಿದ. ಮಗಳೇ ಮುಂದೆ ಬಂದಳು. "ಈ ಬ್ಯಾಟರಿ ಒಳಗಿರೋರ ಯಂತ್ರಗಳಿಗೆ. ಬೇಕಾದರೆ ನೀವೂ ಒಳಗೆ ಬಂದು ಕೂತ್ಕೊಳ್ಳಿ, ಅಲ್ಲಿ ಫ್ಯಾನ್ ಇದೆ," ಎಂದಳು.

ಅಷ್ಟರಲ್ಲಿ ಜನ ಹೊರಗೆ ಬಂದಿದ್ದರು. ಅಜ್ಜಿ ಹೊರಗೆ ಬರಲಾಗದೆ, ನಳಿಕೆ ಎಟುಕುವಷ್ಟು ದೂರ, ಬಾಗಿಲಿನವರೆಗೆ ಬಂದು ನಿಂತಿದ್ದರು. ಮ್ಯಾನೇಜರ್ ಅವರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಬಗ್ಗಿ ವೈರನ್ನು ಮೊಣಕೈಗೆ ಸುತ್ತಿಕೊಳ್ಳತೊಡಗಿದ. ನಾಚಿಕೆಯೋ, ಅಷ್ಟು ಜನರನ್ನು ಕಂಡ ಅಳುಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕರೆಂಟು ಬಂದದ್ದು ಮಾರನೆಯ ದಿನ. ಬ್ಯಾಟರಿ ಅಲ್ಲಿಯವರೆಗೂ ತಾಳಿತು. ಬೆಳಿಗ್ಗೆ ಅಜ್ಜಿ ನನಗೆ ಫೋನು ಮಾಡಿ, ಕುರ್ಚಿಯಲ್ಲಿ ಮಲಗಿ ಬೆನ್ನು ಹಿಡಿದಿದೆ, ಅದೊಂದು ಬಿಟ್ಟರೆ ಚೆನ್ನಾಗಿದ್ದೇನೆ ಎಂದರು. ಮನೆಗೆ ಬಂದ ಮಗಳು ಸ್ನಾನವನ್ನೂ ಮಾಡದೆ ಸೋಫಾದಲ್ಲಿ ನಿದ್ದೆ ಹೋದಳು. ನಾನು ಅವಳ ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ.

ಅವಳು ಅಲ್ಲೇ ಕೆಲಸ ಮಾಡುತ್ತಿದ್ದಾಳೆ. ಈಗ ಸರಟೋಗಾದ ಬಾಗಿಲುಗಳಲ್ಲಿ ಉಸಿರಿನ ಯಂತ್ರದ ವಿಷಯ ಬಾಯಲ್ಲೇ ಹೇಳುತ್ತಾಳಂತೆ. ಕೆಲವರು ಕೇಳುತ್ತಾರೆ, ಹಲವರು ಕೇಳುವುದಿಲ್ಲ. ಪಾರ್ಕು ಮಾರಾಟವಾಗುತ್ತದೆ ಎಂಬ ಸುದ್ದಿ ಇನ್ನೂ ಇದೆ. ಮಾರಿದರೆ ಆ ಛಾವಣಿಯ ಗತಿ ಏನೆಂಬುದಕ್ಕೆ ಆ ಎತ್ತರದ ಆಳು ಕೊಟ್ಟ ಉತ್ತರವನ್ನು ನಾನು ಪೂರ್ತಿ ನಂಬಿಲ್ಲ. ಅಜ್ಜಿಯೂ ನಂಬಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತನಾಡುವುದು ಹೆಚ್ಚಾಗಿ ಇದನ್ನೇ.

ಮೊನ್ನೆ ಅವನೇ ನನಗೆ ಫೋನು ಮಾಡಿದ್ದ. ಹೊಸದಾಗಿ ಇನ್ನೆರಡು ಜಾಗಗಳಲ್ಲಿ ಕೆಲಸ ಆಗುತ್ತಿದೆ, ಆಗಾಗ ಹೋಗಿ ನೋಡಿ ಹೇಳಲು ಹೊರಗಿನವರೊಬ್ಬರು ಬೇಕು, ನೀವು ಆಗಬಹುದೇ ಎಂದು ಕೇಳಿದ. ನನ್ನ ಬಾಯಿ ಮುಚ್ಚಿಸಲು ಕರೆಯುತ್ತಿದ್ದಾನೆಯೇ ಎಂಬ ಯೋಚನೆಯೇ ಮೊದಲು ಬಂತು. ಆಗಲಿ ಎಂದೆ. ಯಾವ ದಿನ ಅನುಕೂಲ, ಹುಡುಗರಿಗೆ ಹೇಳಿ ಇಡುತ್ತೇನೆ ಎಂದ.

"ಬರುತ್ತೇನೆ. ಯಾವ ದಿನ ಅಂತ ಮಾತ್ರ ಹೇಳೋದಿಲ್ಲ," ಎಂದೆ.